ಬಿಚ್ಚದ ಹಂದರ

ಹಂದರದಜ್ಜ ತೀರಿಕೊಂಡ ದಿನ ಅವರ ಮನೆ ಮುಂದೆ ಒಂದು ಹಂದರ ಹಾಕಲು ಜಗಳೂರಿನಲ್ಲಿ ಜನ ಸಿಗಲಿಲ್ಲ. ಊರಿನ ಎಷ್ಟೋ ಮದುವೆಗಳಿಗೆ ಹಂದರ ಹಾಕಿದ್ದ ಮನುಷ್ಯ. ಬೇಸಿಗೆಯ ಬಿಸಿಲು ಬೇರೆ. ಅಂಗಳದಲ್ಲಿ ಅಜ್ಜನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನೋಡಲು ಬಂದವರು ಸೂರಿನ ಕೆಳಗಿನ ಗೇಣು ನೆರಳಿನಲ್ಲಿ ಒತ್ತಿಕೊಂಡು ನಿಂತಿದ್ದರು. ಯಾರೋ ಹೋಗಿ ಹೊಸದಾಗಿ ಶುರುವಾಗಿದ್ದ ಶಾಮಿಯಾನದ ಅಂಗಡಿಯಿಂದ ಕೆಂಪು ಹಳದಿ ಬಟ್ಟೆ ತಂದರು. ಅದನ್ನು ಹರಡುವ ಮೊದಲೇ ಹೆಂಗಸರ ನಡುವಿನಿಂದ ನಮ್ಮ ಅತ್ತೆ ಎದ್ದು ನಿಂತರು. ಎಪ್ಪತ್ತರ ಮುದುಕಿ, ಆದರೆ ದನಿ ಮಾತ್ರ ಓಣಿಯ ಆ ತುದಿಗೆ ಕೇಳಿಸುವಂಥದ್ದು.

“ಅದನ್ನ ವಾಪಸ್ ತಗಂಡು ಹೋಗ್ರಪ್ಪ. ಹಸಿರಿಲ್ಲದ ಹಂದರದ ಕೆಳಗೆ ಅವನನ್ನ ಕೂರಿಸಬ್ಯಾಡ್ರಿ” ಎಂದರು.

ಮುಂದೆ ಆದದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಅಜ್ಜ ಯಾರೆಂದು ಹೇಳಬೇಕು. ಅವರ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಒಮ್ಮೆ ಪಂಚಾಯಿತಿಯವರು ಅವರು ಬೆಳೆಸಿದ ತೋಪಿಗೆ ಅವರದೇ ಹೆಸರಿನ ಬೋರ್ಡು ಹಾಕಲು ಬಂದಿದ್ದರು. “ಮರಕ್ಕೆ ಮೊಳೆ ಹೊಡೀತೀರಿ, ಬ್ಯಾಡ್ರಿ” ಎಂದರು ಅಜ್ಜ. ಮೊಳೆ ಬೇಡ, ಬೇರೆ ಗೂಟ ನೆಟ್ಟು ಹಾಕುತ್ತೇವೆ ಎಂದರೆ, “ಗೂಟ ನೆಡಾಕೆ ಜಾಗ ಇದ್ರೆ ಅಲ್ಲೂ ಒಂದು ಹಸಿ ಕೊಂಬೆ ನೆಡ್ತೀನಿ ಬಿಡ್ರಿ” ಎಂದು ಬೋರ್ಡನ್ನು ವಾಪಸ್ ಕಳಿಸಿದರು. ಅಷ್ಟು ಮಾಡಿದವರ ಹೆಸರನ್ನು ನಾನು ಇಲ್ಲಿ ಹಾಕಿದರೆ ತಪ್ಪಾಗುತ್ತದೆ.

ನಾನು ಹೊನ್ನಾಳಿಯ ಹುಡುಗಿ. ನದಿ ದಂಡೆಯಲ್ಲಿ ಆಡಿ ಬೆಳೆದವಳನ್ನು ಎಪ್ಪತ್ತರ ದಶಕದ ನಡುವಿನಲ್ಲಿ ಜಗಳೂರಿಗೆ ಕೊಟ್ಟರು. ಬಸ್ಸಿಳಿದಾಗ ಮೊದಲು ಕಂಡದ್ದು ಬಿಸಿಲು. ಎರಡನೆಯದಾಗಿ ಕಂಡವರು ನಮ್ಮ ಮಾವನ ಮನೆ ಮುಂದೆ ಏಣಿಯ ಮೇಲೆ ನಿಂತಿದ್ದ ಈ ಅಜ್ಜ. ಮದುವೆ ಗಂಡಿನ ಮನೆಯಲ್ಲಿ. ದಿಬ್ಬಣ ಬಂದರೂ ಅವರು ತಿರುಗಿ ನೋಡಲಿಲ್ಲ. ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹುರಿಯ ತುದಿ ಸಿಕ್ಕಿಸಿಕೊಂಡು, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಲ್ಲಿ ತೆಂಗಿನ ಗರಿ ಹೊಂದಿಸುತ್ತಿದ್ದರು. ಮದುಮಗಳಾಗಿ ನಾನು ತಲೆ ತಗ್ಗಿಸಿರಬೇಕಿತ್ತು. ಅವರನ್ನು ನೋಡುವ ಭರದಲ್ಲಿ ತಲೆ ಎತ್ತಿಬಿಟ್ಟು ನಮ್ಮ ದೊಡ್ಡಮ್ಮನಿಂದ ಚಿವುಟಿಸಿಕೊಂಡೆ.

ಅವರ ಕೆಲಸದಲ್ಲಿ ಒಂದು ಕ್ರಮವಿತ್ತು. ಹಂದರ ಮುಗಿದ ಮೇಲೆ ನಡುಹಗಲಿನ ಬಿಸಿಲು ನೆತ್ತಿಗೆ ಬರುವವರೆಗೆ ಕಾಯುವರು. ಆಮೇಲೆ ಕೆಳಗೆ ನಿಂತು, ನೆಲದ ಮೇಲೆ ಎಲ್ಲೆಲ್ಲಿ ಬಿಸಿಲಿನ ಚುಕ್ಕೆ ಬಿದ್ದಿದೆ ಎಂದು ಹುಡುಕುವರು. ಚುಕ್ಕೆ ಸಿಕ್ಕಲ್ಲಿ ಮೇಲೆ ನೋಡಿ, ಉದ್ದನೆಯ ಕೋಲಿನ ತುದಿಯಿಂದ ಒಂದು ಹಿಡಿ ಬೇವಿನ ಸೊಪ್ಪನ್ನು ಆ ತೂತಿಗೆ ತುರುಕುವರು. ಚುಕ್ಕೆ ಮಾಯವಾದರೆ ಮುಂದಿನದಕ್ಕೆ. “ನೆಳ್ಳು ಬಾಡಿಗೆಗೆ ಕೊಡೋನು ಕಣವ್ವ ನಾನು. ತೂತು ಇರೋ ನೆಳ್ಳು ಕೊಟ್ರೆ ಮೋಸ ಆಗ್ತೈತೆ” ಎನ್ನುತ್ತಿದ್ದರು. ಇಷ್ಟು ಮಾಡಿದವರು ಆ ನೆರಳಿನಲ್ಲಿ ಕೂತದ್ದನ್ನು ಮಾತ್ರ ಯಾರೂ ಕಂಡಿಲ್ಲ. ಅಕ್ಷತೆಯ ಹೊತ್ತಿಗೆ ಹಂದರದ ಹೊರಗೆ ಟವೆಲು ತಲೆಗೆ ಹಾಕಿಕೊಂಡು ನಿಲ್ಲುವರು. ಊರಿನ ಮದುಮಕ್ಕಳ ಮುಖಕ್ಕಿಂತ ಯಾವ ಮನೆಯ ಹಂದರಕ್ಕೆ ಯಾವ ಕಡೆಯ ಗರಿ ಬಂದಿತ್ತು ಎಂಬುದೇ ಅವರಿಗೆ ಚೆನ್ನಾಗಿ ನೆನಪು. ನನ್ನನ್ನೂ ಬಹಳ ದಿನ “ಸಂತೇಬೆನ್ನೂರು ಗರಿ ಹಾಕಿದ ಮನೆ ಸೊಸೆ” ಎಂದೇ ಗುರುತಿಸುತ್ತಿದ್ದರು.

ಮದುವೆಯ ಹಂದರಕ್ಕೆ ಎಲ್ಲಕ್ಕಿಂತ ಮೊದಲು ನೆಡುವುದು ಹಾಲುಗಂಬ. ಗೀರಿದರೆ ಹಾಲು ಸುರಿಯುವ ಜಾತಿಯ ಮರದ ಹಸಿ ಕೊಂಬೆಯೇ ಆಗಬೇಕು: ಅತ್ತಿ, ಆಲ, ಬಸರಿ, ಗೋಣಿ, ಯಾವುದಾದರೂ ಸರಿ. ಅದಕ್ಕೆ ಅರಿಶಿನದ ಬಟ್ಟೆ ಕಟ್ಟಿ, ಮುತ್ತೈದೆಯರು ಪೂಜೆ ಮಾಡಿ, ನೆಟ್ಟ ಮೇಲೆಯೇ ಉಳಿದ ಕಂಬಗಳು. ಮದುವೆ ಮುಗಿದ ಮೇಲೆ ಅದನ್ನು ಕೇಳುವವರಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಹಿಂದೊಮ್ಮೆ ದನದ ಸಂತೆ ಕೂಡುತ್ತಿದ್ದ ದೊಡ್ಡ ಖಾಲಿ ಜಾಗವಿತ್ತು. ಒಡೆದ ಮಡಕೆ, ಮುಸುರೆ ಎಲೆ, ಹರಿದ ಚಾಪೆ ಎಲ್ಲ ಅಲ್ಲಿಗೇ. ಹಾಲುಗಂಬವೂ ಅಲ್ಲಿಗೇ. ಒಂದು ಮಳೆಗಾಲದಲ್ಲಿ ಅಜ್ಜ ಆ ತಿಪ್ಪೆಯಲ್ಲಿ ಕಾಲಿಟ್ಟಾಗ ಎಸೆದ ಕಂಬವೊಂದು ತಾನಾಗಿಯೇ ಬೇರು ಬಿಟ್ಟು ಎರಡು ಎಲೆ ತೆಗೆದಿತ್ತಂತೆ. “ಮೂರು ದಿನದ ನೆಳ್ಳಿಗೆ ಅಂತ ಕಡಿದು ತಂದಿದ್ದೆ. ಅದು ನಾನಿನ್ನೂ ಇದೀನಿ ಅಂತು” ಎಂದು ಆ ದಿನವನ್ನು ನೆನೆಯುತ್ತಿದ್ದರು.

ಅಂದಿನಿಂದ ಹಂದರ ತೆಗೆಯುವಾಗ ಹಾಲುಗಂಬವನ್ನು ಅವರೇ ಕಿತ್ತು, ಹೊಸ ಗಂಡಹೆಂಡಿರನ್ನು ಕರೆದುಕೊಂಡು ಹೋಗಿ, ಆ ಜಾಗದಲ್ಲಿ ಅವರ ಕೈಯಿಂದಲೇ ನೆಡಿಸುವುದು ರೂಢಿಯಾಯಿತು. ಪ್ರತಿ ಸೋಮವಾರ ಒಂದು ಕೊಡ ನೀರು ಆ ಮನೆಯವರದೇ. ಜಗಳೂರಿನಲ್ಲಿ ಒಂದು ಕೊಡ ನೀರೆಂದರೆ ಹುಡುಗಾಟವಲ್ಲ. ಬಾವಿಯ ಹಗ್ಗ ಅಂಗೈ ಸುಲಿಯುತ್ತಿತ್ತು. ಜನ ಎರಡು ವಾರ ಹಾಕಿ ಬಿಟ್ಟುಬಿಡುವರು. ಅದಕ್ಕೆ ಅಜ್ಜ ಒಂದು ಮಾತು ಕಟ್ಟಿದರು. ಗುಂಡಿಗೆ ಮಣ್ಣು ತುಳಿಯುವಾಗ ಹುಡುಗ ಹುಡುಗಿಯ ಮುಖ ನೋಡಿ, “ಈ ಕಂಬ ಚಿಗುರಿದಂಗೆ ನಿಮ್ಮ ಸಂಸಾರ ಚಿಗುರ್ತೈತೆ. ನೀರು ತಪ್ಪಿಸಬ್ಯಾಡ್ರಿ” ಎನ್ನುವರು. ಅದು ನಾಟಿತು. ಸೋಮವಾರದ ಸಂಜೆ ಖಾಲಿ ಜಾಗದಲ್ಲಿ ಸೊಸೆಯಂದಿರ ಜಾತ್ರೆಯೇ ನೆರೆಯತೊಡಗಿತು.

ನಮ್ಮದು ಕೆರೆ ಏರಿಯ ಮೇಲಿನ ಅತ್ತಿ. ನಾವೂ ನೆಟ್ಟೆವು, ಅಜ್ಜನ ಮಾತು ನಮಗೂ ಆಯಿತು. ನಾನು ಐದಾರು ವಾರ ನೀರು ಹೊತ್ತೆ. ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆ ಮನೆಯಲ್ಲಿ ಇರುವಂತಿಲ್ಲ, ಹೊನ್ನಾಳಿಗೆ ಹೋದೆ. ಹೋಗುವಾಗ ನಮ್ಮ ಯಜಮಾನರಿಗೆ ಹೇಳಿಯೇ ಹೋಗಿದ್ದೆ. ಹಗ್ಗ, ಹುರಿ, ಕಿರಾಣಿಯ ಅಂಗಡಿ ಅವರದು. ಗಂಡಸು ಕೊಡ ಹೊತ್ತು ಬಜಾರಿನಲ್ಲಿ ನಡೆದರೆ ಮರ್ಯಾದೆ ಹೋಗುತ್ತದೆಂದು ಸುಮ್ಮನಿದ್ದರು. ಆ ವರ್ಷ ಮಳೆಯೂ ಕೈಕೊಟ್ಟಿತು. ಶ್ರಾವಣಕ್ಕೆ ನಾನು ಮರಳಿ ಬರುವಷ್ಟರಲ್ಲಿ ಕಂಬ ಒಣಗಿ ನಿಂತಿತ್ತು. ಆ ಸಾಲಿನಲ್ಲಿ ಅಂಥವು ಇನ್ನೂ ಎಷ್ಟೋ. ಎಲ್ಲ ಸೊಸೆಯಂದಿರೂ ಒಂದೇ ತಿಂಗಳು ತವರಿಗೆ ಹೋದರೆ ಗಿಡ ಬದುಕುವುದು ಹೇಗೆ ಎಂಬುದು ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ಅಜ್ಜನಿಗೂ.

ಕೀಳಲು ಹೋದರೆ ಅಜ್ಜ ತಡೆದರು. ಉಗುರಿನಿಂದ ಬುಡ ಕೆರೆದು, “ಹಸಿ ಇದ್ದಂಗೈತೆ, ನೋಡಾನ” ಎಂದರು. ಹಸಿಯೂ ಇರಲಿಲ್ಲ, ಏನೂ ಇರಲಿಲ್ಲ. ಆದರೂ ನಾನು ಪ್ರತಿ ಸೋಮವಾರ ಆ ಒಣಕೋಲಿಗೆ ನೀರು ಹಾಕಿದೆ. ಅಕ್ಕಪಕ್ಕದವರ ಕಂಬಗಳಲ್ಲಿ ಎಲೆ ಬಂದಿದ್ದವು. ಅವರು ನನ್ನ ಕಡೆ ನೋಡದಂತೆ ನೋಡುತ್ತಿದ್ದರು. ಒಂದು ವರ್ಷ ಕಳೆಯಿತು, ಎರಡನೆಯದೂ ಕಳೆಯಿತು. ಮಡಿಲು ತುಂಬಲಿಲ್ಲ. ಆಗ ನಮ್ಮ ಅತ್ತೆಯ ಬಾಯಿಂದ ಆ ಮಾತು ಮೊದಲ ಸಲ ಬಂತು: “ಕಂಬ ಒಣಗಿದಾಗ್ಲೇ ನಂಗೆ ಎದೆ ಧಸಕ್ ಅಂದಿತ್ತು.”

ಆ ಮಾತನ್ನು ಹಿಡಿದುಕೊಂಡವರು ಅತ್ತೆಯ ಅಣ್ಣ, ಅವರ ತವರೂರು ಸೊಕ್ಕೆಯವರು. ಅವರಿಗೆ ಮದುವೆಗೆ ಬಂದ ಮಗಳಿದ್ದಳು. ಒಂದು ದಿನ ನಮ್ಮ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಕೂತು, ನಾನು ಒಳಗೆ ರೊಟ್ಟಿ ತಟ್ಟುತ್ತಿರುವುದು ಗೊತ್ತಿದ್ದೂ, “ಇನ್ನೇನು ನೋಡಾದು ತಂಗೆವ್ವ? ಕಣ್ಣಿಗೆ ಕಾಣ್ತೈತಲ್ಲ. ದೀಪಾವಳಿಗೆ ತವರಿಗೆ ಕಳಿಸು, ಅಲ್ಲೇ ಇರ್ಲಿ. ನಮ್ಮ ಹುಡುಗೀನ ತಂದುಕೊಳ್ಳಾನ” ಎಂದರು. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಯಜಮಾನರು, “ಅವ್ವ ಹೇಳಿದಂಗೆ” ಎಂದರು. ಆ ಎರಡು ಪದಕ್ಕೆ ನಾನು ಅವರನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಅವರಿಗೂ ಅದು ಗೊತ್ತು. ಒಲೆಯ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು. ತಲೆ ಎತ್ತಿದರೆ ಅಂಗಡಿಯ ಬಾಗಿಲಲ್ಲಿ ಅಜ್ಜ ನಿಂತಿದ್ದರು, ಹುರಿ ಒಯ್ಯಲು ಬಂದವರು. ಅಷ್ಟನ್ನೂ ಕೇಳಿಸಿಕೊಂಡಿದ್ದರು. ಹುರಿ ತೆಗೆದುಕೊಳ್ಳದೆ ಹೊರಟುಹೋದರು.

ಮಹಾನವಮಿ ಕಳೆದ ಮೇಲಿನ ಸೋಮವಾರ ಕೊಡ ಹೊತ್ತು ಹೋದೆ. ಇನ್ನು ಎರಡು ಮೂರು ಸಲ ಈ ಕೆಲಸ, ಆಮೇಲೆ ಹೊನ್ನಾಳಿ ಎಂದು ಮನಸ್ಸಿನಲ್ಲೇ ಎಣಿಸಿಕೊಂಡಿದ್ದೆ. ನೋಡಿದರೆ ನನ್ನ ಕೋಲಿನ ನೆತ್ತಿಯಲ್ಲಿ ಚಿಗುರು. ಒಂದಲ್ಲ, ನಾಲ್ಕೈದು ಕಡೆ. ಅದೇ ಅರಿಶಿನದ ಬಟ್ಟೆ, ಅದೇ ದಪ್ಪ, ಅದೇ ಎತ್ತರ. ಪಕ್ಕದ ಮನೆಯವಳು ಕೊಡ ಅಲ್ಲೇ ಬಿಟ್ಟು ನಮ್ಮ ಮನೆಗೆ ಓಡಿದಳು. ನಾನು ಮಾತ್ರ ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ನನ್ನ ಖುಷಿ ಅರ್ಧ ಗಳಿಗೆಯದು. ಹೊನ್ನಾಳಿಯಲ್ಲಿ ನಮ್ಮ ಆಟವೆಲ್ಲ ನದಿ ದಂಡೆಯ ಅತ್ತಿ ಮರದ ಕೆಳಗೇ. ಅದರ ಎಲೆ ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ. ಈ ಎಲೆಯ ತೊಟ್ಟು ಉದ್ದ, ತುದಿ ಚೂಪು, ಚಿಗುರು ತಾಮ್ರದ ಬಣ್ಣ. ಇದು ಬಸರಿ. ಬುಡದ ಮಣ್ಣೂ ಹೊಸದು.

ದೀಪಾವಳಿಗೆ ಸೊಕ್ಕೆಯ ಮಾವ ಬಂದರು. ಅತ್ತೆ ಅವರಿಗೆ ನೀರು ಕೊಡುವುದಕ್ಕೂ ಮೊದಲೇ ಕೈ ಹಿಡಿದು ಖಾಲಿ ಜಾಗಕ್ಕೆ ಎಳೆದುಕೊಂಡು ಹೋದರು. “ನೋಡಣ್ಣ, ನಮ್ಮ ಅತ್ತಿ ಚಿಗುರೈತೆ. ದೇವರು ಕಣ್ಣು ಬಿಟ್ಟ. ಇನ್ನು ಆ ಮಾತು ಎತ್ತಬ್ಯಾಡ” ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು. ಮಾವ ಟವೆಲಿನಿಂದ ಮುಖ ಒರೆಸಿಕೊಂಡು, ಕಜ್ಜಾಯ ತಿಂದು, ಸಂಜೆಯ ಬಸ್ಸಿಗೆ ಹೋದರು. ನಾನು ಉಳಿದೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ ಕೂಡ: ಸೊಕ್ಕೆಯ ಬಯಲಿನವರಿಗೆ ಅತ್ತಿಯೂ ಒಂದೇ, ಬಸರಿಯೂ ಒಂದೇ ಎಂದು. ಅತ್ತೆ ಗದರಿದಾಗಲೆಲ್ಲ ಆ ನಗು ನನಗೆ ಒಳಗೊಳಗೇ ಬಲ ಕೊಡುತ್ತಿತ್ತು.

ಅಜ್ಜನನ್ನು ಮಾತ್ರ ಸುಮ್ಮನೆ ಬಿಡಲಿಲ್ಲ. ಮುಂದಿನ ಸೋಮವಾರ ಅವರು ಒಬ್ಬರೇ ಗುಂಡಿ ತೋಡುತ್ತಿದ್ದಾಗ ಹೋಗಿ ಕೇಳಿದೆ: “ಅತ್ತಿ ನೆಟ್ರೆ ಬಸರಿ ಹುಟ್ಟತೈತೇನ್ರೀ ಅಜ್ಜಾರೆ?”

ಅವರು ತಲೆ ಎತ್ತಲಿಲ್ಲ. “ಹೊನ್ನಾಳಿ ಹೆಣ್ಣು. ನಿನ್ನ ಕಣ್ಣಿಗೆ ಬೀಳ್ತೈತೆ ಅಂತ ಗೊತ್ತಿತ್ತು. ಅತ್ತಿ ಹುಡುಕಿದೆ ಕಣವ್ವ. ಅಷ್ಟೇ ದಪ್ಪದ್ದು, ಬೇರು ಬಿಟ್ಟಿದ್ದು, ಎಲ್ಲೂ ಸಿಗ್ಲಿಲ್ಲ.”

“ಯಾಕೆ ಮಾಡಿದ್ರಿ?”

ಅಜ್ಜ ಗುದ್ದಲಿ ಬದಿಗಿಟ್ಟರು. “ಆ ಮಾತು ಆಡಿದೋನು ನಾನು. ನೀರು ಹಾಕ್ಲಿ ಅಂತ ಆಡಿದ್ದು. ನೆಟ್ಟ ಕಂಬದಾಗೆ ಅರ್ಧ ಒಣಗ್ತಾವೆ, ಈ ಹಾಳು ಮಾತು ಮಾತ್ರ ಒಂದೇ ಸಲಕ್ಕೆ ಬೇರು ಬಿಡ್ತು ನೋಡು. ನನ್ನ ಮಾತಿಗೆ ಒಂದು ಹೆಣ್ಣುಮಗಳು ಮನೆ ಬಿಡಬೇಕಾ?” ಎಂದರು. ಕಣ್ಣು ತುಂಬಿತ್ತು. ನಾನು ಅವರ ಕಾಲು ಮುಟ್ಟಲು ಹೋದೆ; ಹಿಂದೆ ಸರಿದು, “ಬ್ಯಾಡ ತಾಯಿ, ನಾನೇ ನಿಂಗೆ ಕೈ ಮುಗೀಬೇಕು. ಯಾರಿಗೂ ಹೇಳಬ್ಯಾಡ” ಎಂದರು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಈ ಗುಟ್ಟು ನಮ್ಮಿಬ್ಬರದೇ ಎಂದುಕೊಂಡೆ.

ಮುಂದಿನ ವರ್ಷ ಅಜ್ಜನಿಗೆ ಇದ್ದಕ್ಕಿದ್ದಂತೆ ಮರೆವು ಬಂತು. ಮದುವೆ ಮನೆಗಳಿಂದ ಹಾಲುಗಂಬ ಒಯ್ಯುವರು, ಆದರೆ ಆಗಲೇ ನೆಡಿಸುವುದಿಲ್ಲ. ಅರಿಶಿನದ ಬಟ್ಟೆ ಬಿಚ್ಚಿ ಮನೆಯವರ ಕೈಗೆ ಕೊಟ್ಟು, ಕಂಬಗಳನ್ನೆಲ್ಲ ಕೆರೆ ಅಂಚಿನ ಕೆಸರಿನಲ್ಲಿ ಒಟ್ಟಿಗೆ ಹೂತಿಡುವರು. ಮುಂಗಾರಿನ ಮೊದಲ ಹದ ಮಳೆಗೆ ಎಲ್ಲವನ್ನೂ ಕಿತ್ತು ತಂದು ಸಾಲಾಗಿ ನೆಡುವರು. ಜನ ಮುತ್ತಿಕೊಂಡರು. “ನಮ್ಮದು ಯಾವುದ್ರೀ?” ಎಂದರೆ, ತಲೆ ಕೆರೆದುಕೊಂಡು, “ಗೊತ್ತಾಗವಲ್ದು ಕಣಪ್ಪ, ವಯಸ್ಸಾತು. ಇದ್ರಾಗೆ ಒಂದು ನಿಮ್ಮದೇ” ಎನ್ನುವರು. ಯಾರ ಮನೆಗೆ ಎಷ್ಟು ಮಾರು ಹುರಿ ಹೋಗಿತ್ತೆಂದು ವರ್ಷಗಳಾದರೂ ಹೇಳುವ ಮನುಷ್ಯ! ಒಬ್ಬರಿಬ್ಬರು ಬೈದರು, ಒಬ್ಬರು ಮುನಿಸಿಕೊಂಡು ಹಂದರವನ್ನೇ ಬೇರೆಯವರಿಂದ ಹಾಕಿಸಿದರು. ಆದರೆ ಯಾವುದೋ ಒಂದು ತಮ್ಮದಲ್ಲವೇ, ಅದು ಒಣಗಿದರೆ ಹೇಗೆಂಬ ಭಯ ಎಲ್ಲರಿಗೂ. ಹಾಗಾಗಿ ಒಂದು ಕೊಡ ತಂದವರು ಇಡೀ ಸಾಲಿಗೆ ಬೊಗಸೆ ಬೊಗಸೆ ಹಂಚತೊಡಗಿದರು. ಆಷಾಢಕ್ಕೆ ಸೊಸೆಯರು ಹೋದರೆ ಅತ್ತೆಯರು ಬಂದರು. ಕೊನೆಗೊಂದು ವರ್ಷ ನಮ್ಮ ಯಜಮಾನರೂ ಬಜಾರಿನಲ್ಲಿ ಕೊಡ ಹೊತ್ತರು. ಮರ್ಯಾದೆ ಎಲ್ಲೂ ಹೋಗಲಿಲ್ಲ. ಒಣಗಿದ ಕಂಬ ಇನ್ನು ಯಾರ ತಲೆಗೂ ಕಟ್ಟುವಂತಿರಲಿಲ್ಲ.

ನನಗೆ ಮಗಳು ಹುಟ್ಟಿದಾಗ ಊರು ಅದನ್ನು ಮರದ ಲೆಕ್ಕಕ್ಕೆ ಬರೆಯಿತು. ಅಜ್ಜನಿಗೆ ಸಿಟ್ಟು ಬಂತು. ಮಗು ನೋಡಲು ಬಂದವರು, “ನನ್ನ ಮರದ ಕೈವಾಡ ಇದ್ರಾಗೆ ಏನೂ ಇಲ್ಲ ಅಂತ ಎಲ್ಲರಿಗೂ ಹೇಳು” ಎಂದು ಬಾಣಂತಿಯನ್ನೇ ಗದರಿ ಹೋದರು. ಎಂಬತ್ತರ ದಶಕದ ಹೊತ್ತಿಗೆ ಆ ತಿಪ್ಪೆ ತೋಪಾಗಿತ್ತು. ಬಸ್ಸಿಗೆ ಕಾಯುವವರು ಅಲ್ಲೇ ಬುತ್ತಿ ಬಿಚ್ಚುವರು, ದರ್ಜಿಯೊಬ್ಬ ಮಿಷಿನ್ನು ತಂದು ಹಾಕಿಕೊಂಡ. ಮದುವೆಗಳಿಗೆ ಶಾಮಿಯಾನ ಬಂದು ಅಜ್ಜನ ಕೆಲಸ ಕಡಿಮೆಯಾಯಿತು. ನಾನು ಮರುಗಿದರೆ, “ಬಿಚ್ಚದೇ ಇರೋ ಹಂದರ ಒಂದು ಹಾಕೀನಲ್ಲ, ಸಾಕು” ಎಂದರು. ಆ ನೆರಳಿನಲ್ಲೂ ಅವರು ಕೂರುತ್ತಿರಲಿಲ್ಲ. ನೆಲದ ಮೇಲಿನ ಬಿಸಿಲಿನ ಚುಕ್ಕೆ ನೋಡುತ್ತಾ ಓಡಾಡುವರು, ಎಲ್ಲಿ ಇನ್ನೊಂದು ನೆಡಬಹುದೆಂದು.

ಈಗ ಆ ದಿನಕ್ಕೆ ಬರುತ್ತೇನೆ. ಶಾಮಿಯಾನ ವಾಪಸ್ ಹೋದ ಮೇಲೆ ಹಸಿರು ತರಲು ನಾಲ್ಕು ಜನ ಮಚ್ಚು ಹಿಡಿದು ತೋಪಿಗೆ ನಡೆದರು. ಹಿಂದೆ ನಾವೆಲ್ಲ. ಅಲ್ಲಿ ತೊಡಕಾಯಿತು. “ನಮ್ಮದರಲ್ಲಿ ಕಡೀರಿ” ಎಂದು ಎಲ್ಲರೂ ಮುಂದೆ ಬಂದರು, ಆದರೆ ಹಳೆಯ ಸಾಲು ಹೊಸ ಸಾಲು ಬೆಳೆದು ಬೆರೆತುಹೋಗಿ, ತಮ್ಮದು ಯಾವುದೆಂದು ತೋರಿಸಲು ಮೊದಲು ನೆಟ್ಟವರಿಗೂ ಆಗಲಿಲ್ಲ. ಇನ್ನೊಬ್ಬರದಕ್ಕೆ ಮಚ್ಚು ಹಾಕಲು ಯಾರಿಗೂ ಮನಸ್ಸಿಲ್ಲ. ಆಗ ನನ್ನ ತೋಳು ಹಿಡಿದುಕೊಂಡಿದ್ದ ಅತ್ತೆ ಒಂದು ಮರದ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟರು.

“ಇದು ನಮ್ಮನೇದು. ಇದರಾಗೆ ಕಡೀರಿ. ಬಸರಿ ಎಲೆ ದಟ್ಟ ಇರ್ತೈತೆ, ನೆಳ್ಳು ಚಲೋ ಬರ್ತೈತೆ.”

ನಾನು ಅವರ ಕಿವಿಯ ಹತ್ತಿರ ಬಾಗಿದೆ. ಮೆಲ್ಲಗೆ ಕೇಳಿದೆ: “ಅತ್ತೇ, ನಮ್ಮದು ಅತ್ತಿ ಅಲ್ವಾ?”

“ಹೊಲದಾಗೆ ಹುಟ್ಟಿ ಬೆಳೆದೋಳು ಕಣೇ ನಾನು. ಅತ್ತಿ ಯಾವುದು ಬಸರಿ ಯಾವುದು ತಿಳೀದಂಗೆ ಇರ್ತೀನಾ?”

“ಹಂಗಾರೆ ಅವತ್ತು ಸೊಕ್ಕೆ ಮಾವಗೆ ನೀವು...”

“ಹೂಂ, ಹೇಳಿದ್ದೆ. ಸುಳ್ಳೇ ಹೇಳಿದ್ದೆ. ಬಾಯಿ ತಪ್ಪಿ ಕಂಬ ಒಣಗೈತೆ ಅಂದುಬಿಟ್ಟಿದ್ದೆ, ಅಣ್ಣ ಅದನ್ನೇ ಹಿಡ್ಕಂಡ. ವಾಪಸ್ ತಗಣಾಕೆ ನಂಗೂ ಒಂದು ದಾರಿ ಬೇಕಾಗಿತ್ತು. ಈ ಪುಣ್ಯಾತ್ಮ ನೆಟ್ಟುಕೊಟ್ಟ” ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಹತ್ತು ವರ್ಷಕ್ಕೂ ಮೇಲೆ ನಾನು ಈ ಹೆಂಗಸಿನ ಬೆನ್ನ ಹಿಂದೆ ನಕ್ಕಿದ್ದೆ. ನನ್ನನ್ನು ಆ ಮನೆಯಲ್ಲಿ ಉಳಿಸಿದವರು ಒಬ್ಬರಲ್ಲ, ಇಬ್ಬರು ಎಂದು ಈಗ ತಿಳಿಯಿತು. ಅತ್ತೆಗೂ ಗೊತ್ತಿತ್ತೆಂದು ಅಜ್ಜನಿಗೆ ಹೇಳಲು ಇನ್ನು ಅವಕಾಶವಿರಲಿಲ್ಲ. ನಾಚಿಕೆಯೂ ಅಳುವೂ ಒಟ್ಟಿಗೆ ಬಂದವು. ಅತ್ತೆ ನನ್ನ ಕಡೆ ನೋಡಲಿಲ್ಲ. ಕೊಂಬೆ ಕಡಿದ ಗಾಯಕ್ಕೆ, ಅಜ್ಜ ಮಾಡುತ್ತಿದ್ದಂತೆಯೇ, ಒಂದು ಹಿಡಿ ಹಸಿ ಮಣ್ಣು ಮೆತ್ತಿದರು.

ಸಾವಿನ ಮನೆಗೆ ಹಾಲುಗಂಬದ ಶಾಸ್ತ್ರವಿಲ್ಲ. ನಾಲ್ಕು ಗೂಟ ನೆಟ್ಟು ಮೇಲೆ ಸೊಪ್ಪು ಹರಡಿದರು. ಗಂಟುಗಳು ಸಡಿಲ, ಒಂದು ಮೂಲೆ ವಾಲಿತ್ತು. ಅಜ್ಜ ಕಂಡಿದ್ದರೆ ಬಿಚ್ಚಿಸುತ್ತಿದ್ದರು. ಬಿಸಿಲು ನೆತ್ತಿಗೆ ಬಂದಿತ್ತು. ಜನ ನೆರಳಿಗೆ ಬಂದು ಅವರ ಸುತ್ತ ಕೂತರು.

“ಅಲ್ಲಿ ನೋಡು” ಎಂದರು ಅತ್ತೆ. ಅಜ್ಜನ ವಿಭೂತಿ ಹಚ್ಚಿದ ಹಣೆಯ ಮೇಲೆ ಒಂದು ಬಿಸಿಲಿನ ಚುಕ್ಕೆ ಬಿದ್ದಿತ್ತು. ಮೂಲೆಯಲ್ಲಿ ಅವರದೇ ಉದ್ದನೆಯ ಕೋಲು ಒರಗಿತ್ತು. ಅತ್ತೆ ಬಸರಿಯ ಒಂದು ಟೊಂಗೆ ಮುರಿದು ಕೊಟ್ಟರು. ನಾನು ಅದನ್ನು ಕೋಲಿನ ತುದಿಗೆ ಸಿಕ್ಕಿಸಿ, ಮೇಲೆ ನೋಡಿ, ಆ ತೂತು ಮುಚ್ಚಿದೆ.